ಆಲ್ವಾಕೇರಿಯ: ಚಿತ್ರ ಪೂರ್ಣ, ಪುರಾವೆ ಅಪೂರ್ಣ

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದಲ್ಲಿ ಎಷ್ಟೇ ಆಳಕ್ಕೆ ಬಾವಿ ತೋಡಿದರೂ ಡೈನೋಸಾರ್ ಮೂಳೆ ಸಿಗದು. ಆ ಸೀಮೆಯ ನೈಸ್ ಶಿಲೆಗಳೂ ಸರಗೂರಿನ ಶಿಸ್ಟ್ ಶಿಲೆಗಳೂ ಸುಮಾರು 300 ಕೋಟಿ ವರ್ಷ ಹಳೆಯವು. ಬಾದಾಮಿಯ ಮರಳುಗಲ್ಲು ಕೂಡ ಡೈನೋಸಾರ್‌ಗಳಿಗಿಂತ ಬಹು ಹಿಂದಿನದು. ಹೀಗಾಗಿ ನಮ್ಮ ವಿದ್ಯಾರ್ಥಿಗಳು ಟ್ರಯಾಸಿಕ್ ಯುಗವನ್ನು (ಸುಮಾರು 25.2ರಿಂದ 20.1 ಕೋಟಿ ವರ್ಷಗಳ ಹಿಂದಿನ ಅವಧಿ) ಪುಸ್ತಕದ ಚಿತ್ರಗಳಿಂದಲೇ ತಿಳಿಯಬೇಕು. ಆ ಚಿತ್ರಗಳು ಎಷ್ಟು ನಂಬಲರ್ಹ?

ಟ್ರಯಾಸಿಕ್ ಶಿಲೆಗಳನ್ನು ನೋಡಲು ನೆರೆಯ ತೆಲಂಗಾಣದ ಪ್ರಾಣಹಿತಾ–ಗೋದಾವರಿ ಕಣಿವೆಗೆ ಹೋಗಬೇಕು. ಅಲ್ಲಿನ ಮಲೇರಿ ಶಿಲಾಸ್ತರಗಳಲ್ಲಿ ಕೆಂಪು ಜೇಡಿಗಲ್ಲು ಹೆಚ್ಚು, ನಡುನಡುವೆ ಮರಳುಗಲ್ಲಿನ ಪದರಗಳು. ಮರಳುಗಲ್ಲು ಹಳೆಯ ನದಿಪಾತ್ರಗಳ ಗುರುತು, ಜೇಡಿಗಲ್ಲು ನೆರೆ ಬಂದು ಹರಡಿದ ಬಯಲಿನ ಗುರುತು. ಕೊಕ್ಕಿನಂಥ ಮೂತಿಯ ಹೈಪರೋಡಾಪೆಡಾನ್, ಮೊಸಳೆಯಂತೆ ಉದ್ದ ಮೂತಿಯ ಪ್ಯಾರಾಸೂಕಸ್ ಇಲ್ಲಿ ದೊರೆತಿವೆ.

ಇದೇ ಸ್ತರಗಳಿಂದ ಬಂದ ಕೆಲವು ಚೂರು ಮೂಳೆಗಳನ್ನು ಶಂಕರ್ ಚಟರ್ಜಿ 1987ರಲ್ಲಿ ವಾಕೇರಿಯ ಎಂಬ ಹೊಸ ಡೈನೋಸಾರ್ ಎಂದು ವರ್ಣಿಸಿದರು. ಆ ಹೆಸರು ಬೇರೊಂದು ಜೀವಿಗೆ ಮೊದಲೇ ಸಂದಿದ್ದುದರಿಂದ 1994ರಲ್ಲಿ ಅದು ಆಲ್ವಾಕೇರಿಯ ಆಯಿತು. ಹೆಸರಿನ ತೊಡಕು ನಿವಾರಣೆಯಾದರೂ ಮೂಳೆಗಳ ತೊಡಕು ಉಳಿಯಿತು. 2005ರಲ್ಲಿ ರೆಮೆಸ್ ಮತ್ತು ರೌಹುಟ್ ಇವು ಒಂದೇ ಪ್ರಾಣಿಯವಲ್ಲವೆಂದು ವಾದಿಸಿದರು. ಅವರ ಪ್ರಕಾರ ಮೂತಿಯ ಭಾಗ ಮೊಸಳೆಗಳ ಬಳಗಕ್ಕೆ ಹತ್ತಿರ. ತೊಡೆಮೂಳೆ ಮತ್ತು ಪಾದದ ಕೀಲಿನ ಮೂಳೆ ಮಾತ್ರ ಡೈನೋಸಾರಿನವು.

ಆದರೂ ಜನಪ್ರಿಯ ಬರಹಗಳಲ್ಲಿ ಆಲ್ವಾಕೇರಿಯ ಬಾಲದ ತುದಿಯವರೆಗೆ ಪೂರ್ಣವಾಗಿ ಕಾಣಿಸಿಕೊಳ್ಳುತ್ತದೆ, ಏನು ತಿನ್ನುತ್ತಿತ್ತೆಂಬ ವಿವರವೂ ಇರುತ್ತದೆ. ಆ ವಿವರಕ್ಕೆ ಆಧಾರ ಹಲ್ಲು. ಹಲ್ಲಿರುವುದು ಸಂಶಯಕ್ಕೆ ಗುರಿಯಾದ ಮೂತಿಯಲ್ಲೇ! ಇಲ್ಲಿ ಮೂಲ ಸಂಶೋಧಕರನ್ನು ದೂರುವಂತಿಲ್ಲ. ಒಂದೆಡೆ ಬೆರೆತ ಮೂಳೆಗಳನ್ನು ಬೇರ್ಪಡಿಸುವುದು ಕಷ್ಟದ ಕೆಲಸ. ಮರುಪರಿಶೀಲನೆಯನ್ನು ಓದುಗನಿಗೆ ಮುಟ್ಟಿಸದ ನಮ್ಮಂಥ ಬರಹಗಾರರದ್ದೇ ತಪ್ಪು.

ಮಲೇರಿಯ ಹಿರಿಮೆ ಒಂದೇ ಹೆಸರನ್ನು ನೆಚ್ಚಿಕೊಂಡಿಲ್ಲ. ಇದರ ಮೇಲಿನ ಪದರಗಳಿಂದ 2011ರಲ್ಲಿ ನಂಬಾಲಿಯ, 2025ರಲ್ಲಿ ಮಲೇರಿರ‍್ಯಾಪ್ಟರ್ ಎಂಬ ಡೈನೋಸಾರ್‌ಗಳು ವರ್ಣಿತವಾಗಿವೆ. ಇವುಗಳ ಚಿತ್ರ ಬರೆಯುವಾಗಲಾದರೂ ದೊರೆತ ಮೂಳೆಗಳನ್ನು ಒಂದು ಬಣ್ಣದಲ್ಲಿ, ಊಹಿಸಿದ್ದನ್ನು ಮತ್ತೊಂದರಲ್ಲಿ ತೋರಿಸೋಣ. ಹಂಪಾಪುರದ ವಿದ್ಯಾರ್ಥಿಗೆ ಮೂಳೆ ನೋಡಲು ಸಿಗದಿದ್ದರೂ, ಸಿಕ್ಕಿದ್ದೆಷ್ಟು, ಊಹೆ ಎಷ್ಟು ಎಂಬುದಾದರೂ ತಿಳಿಯಲಿ.