ಪರಧರ್ಮದ ಪ್ರಾರ್ಥನೆ: ಹಾಡುವವರ ಹೊಣೆ

ಒಂದು ಧರ್ಮದವರ ಪ್ರಾರ್ಥನೆಯನ್ನು ಇನ್ನೊಂದು ಧರ್ಮದವರು ತಮ್ಮ ಆರಾಧನೆಯಲ್ಲಿ ಹಾಡುವುದು ಸೌಹಾರ್ದದ ಕುರುಹೆಂದು ಪ್ರಶಂಸೆ ಪಡೆಯುತ್ತದೆ. ಬಹಾಯಿ ಪ್ರಾರ್ಥನೆಗಳಿಗೆ ರಾಗ ಹೊಂದಿಸಿ ಕ್ರೈಸ್ತ ಆರಾಧನೆಯಲ್ಲಿ ಹಾಡುವ ವಿಚಾರವೂ ಇಂಥದೇ. ಆದರೆ ಪರರ ಪ್ರಾರ್ಥನೆಯನ್ನು ಸ್ವೀಕರಿಸುವವರ ಹೊಣೆ ಏನೆಂಬ ಪ್ರಶ್ನೆ ಈ ಪ್ರಶಂಸೆಯಲ್ಲಿ ಮುಚ್ಚಿಹೋಗಬಾರದು. ಇದನ್ನು ವಿಚಾರಿಸಲು ಮಂಗಳೂರಿನ ಇತಿಹಾಸವೇ ಬೇಕಾದ ಸಾಮಗ್ರಿಯನ್ನು ಒದಗಿಸುತ್ತದೆ.

1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. 1841ರಲ್ಲಿ ಮುದ್ರಣಾಲಯವನ್ನು ತೆರೆದರು. ಜರ್ಮನ್ ಸ್ತುತಿಗೀತೆಗಳು ಕನ್ನಡದ ಮಾತುಗಳನ್ನು ಧರಿಸಿ ಇಲ್ಲಿಯ ಆರಾಧನೆಯಲ್ಲಿ ನೆಲೆಸಿದವು. ಫರ್ಡಿನೆಂಡ್ ಕಿಟ್ಟೆಲ್ ಇದರಿಂದ ಒಂದು ಹೆಜ್ಜೆ ಮುಂದೆ ಹೋಗಿ, 1862ರ ತಮ್ಮ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಭಾರತೀಯ ಕಾವ್ಯದ ಧಾಟಿಯಲ್ಲಿ ನಿರೂಪಿಸಿದರು. ಇಲ್ಲಿ ಅವರು ಎರವಲು ಪಡೆದದ್ದು ರೂಪವನ್ನು, ಭಕ್ತಿ ಅವರದೇ. ಇದನ್ನು ದೋಷವೆನ್ನಲಾಗದು. ಮೂಡುಬಿದಿರೆಯ ರತ್ನಾಕರವರ್ಣಿಯೂ 'ಭರತೇಶ ವೈಭವ'ಕ್ಕೆ ಜನರು ಹಾಡಿಕೊಳ್ಳುವ ಸಾಂಗತ್ಯವನ್ನೇ ಆರಿಸಿಕೊಂಡನು. ಛಂದಸ್ಸಿಗೂ ರಾಗಕ್ಕೂ ಮತದ ಕಟ್ಟಿಲ್ಲ.

ಅದೇ ಕಿಟ್ಟೆಲ್ಲರು 1872ರಲ್ಲಿ ಜೈನ ವೈಯಾಕರಣ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿ ಮಂಗಳೂರಿನಲ್ಲಿ ಪ್ರಕಟಿಸಿದರು. ಕ್ರೈಸ್ತ ಧರ್ಮಪ್ರಚಾರಕರಾಗಿದ್ದರೂ ಜೈನ ಗ್ರಂಥವನ್ನು ಕೇಶಿರಾಜನ ಹೆಸರಿನಲ್ಲಿಯೇ ಲೋಕದ ಮುಂದಿಟ್ಟರು. ರೂಪವನ್ನು ತಮ್ಮದಾಗಿಸಿಕೊಳ್ಳಬಹುದು, ನುಡಿಯನ್ನು ಮಾತ್ರ ಒಡೆಯನ ಹೆಸರಿನೊಡನೆಯೇ ಇರಿಸಬೇಕು ಎಂಬ ವಿವೇಕ ಈ ಎರಡು ಕೃತಿಗಳನ್ನು ಜೊತೆಗಿಟ್ಟು ನೋಡಿದಾಗ ಸ್ಪಷ್ಟವಾಗುತ್ತದೆ.

ನುಡಿಯನ್ನೇ ಪಡೆಯುವ ಪ್ರಯತ್ನ ಮುಂದಿನ ಶತಮಾನದಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆಯಾ ನಾಡಿನ ಸಂಗೀತಕ್ಕೆ ಕಥೋಲಿಕ ಆರಾಧನೆಯಲ್ಲಿ ಮನ್ನಣೆ ನೀಡಿತ್ತು. 1967ರಲ್ಲಿ ಡಿ. ಎಸ್. ಅಮಲೋರ್‌ಪವದಾಸರ ನೇತೃತ್ವದಲ್ಲಿ ಆರಂಭವಾದ ರಾಷ್ಟ್ರೀಯ ಕೇಂದ್ರವು, ಅನ್ಯಧರ್ಮಗಳ ಶಾಸ್ತ್ರವಾಕ್ಯಗಳಿಗೆ ಆರಾಧನೆಯಲ್ಲಿ ಸ್ಥಾನವುಂಟೇ ಎಂಬುದನ್ನು 1974ರ ವಿಚಾರಗೋಷ್ಠಿಯಲ್ಲಿ ಚರ್ಚಿಸಿತು. ಮರುವರ್ಷ ರೋಮಿನಿಂದ ಬಂದ ಸೂಚನೆ ಪೂಜಾವಿಧಿಯಲ್ಲಿ ಅಂಥ ವಾಚನವನ್ನು ತಡೆಯಿತು. ಇದನ್ನು ಸಂಕುಚಿತ ಮನೋಭಾವವೆಂದು ತಳ್ಳಿಹಾಕುವುದು ಸುಲಭ. ಆದರೆ ಆರಾಧನೆಯಲ್ಲಿ ನುಡಿದ ಮಾತು ಕೇವಲ ಸುಭಾಷಿತವಲ್ಲ. ಅದು ಶ್ರದ್ಧೆಯ ಘೋಷಣೆ. ಅದನ್ನು ನುಡಿಯುವ ಮುನ್ನ ಅಳುಕುವುದು ಅನಾದರವಲ್ಲ.

ಬಹಾಯಿಗಳು ಬೇರೊಂದು ಮಾರ್ಗ ಹಿಡಿದಿದ್ದಾರೆ. 1986ರಲ್ಲಿ ದೆಹಲಿಯಲ್ಲಿ ತೆರೆದ ಅವರ ಕಮಲಾಕೃತಿಯ ಮಂದಿರದಲ್ಲಿ ಎಲ್ಲ ಧರ್ಮಗಳ ಪವಿತ್ರ ವಚನಗಳಿಗೂ ಅವಕಾಶವಿದೆ; ವಾದ್ಯವಾಗಲಿ ಉಪನ್ಯಾಸವಾಗಲಿ ಇಲ್ಲ, ಮನುಷ್ಯಕಂಠ ಮಾತ್ರ. ಕ್ರೈಸ್ತರೂ ಬಹಾಯಿಗಳೂ ಒಬ್ಬನೇ ಸೃಷ್ಟಿಕರ್ತನನ್ನು ನಂಬುವವರಾದ್ದರಿಂದ ಪ್ರಾರ್ಥನೆಯ ಹಂಚಿಕೆಗೆ ಸಮಾನಭೂಮಿಯುಂಟು. ಆದರೂ ಕ್ರಿಸ್ತನ ಅನಂತರ ಬಹಾಉಲ್ಲಾ ದೇವರ ಸಂದೇಶ ತಂದರೆಂಬ ಬಹಾಯಿ ನಂಬಿಕೆಯನ್ನು ಕ್ರೈಸ್ತರು ಒಪ್ಪುವುದಿಲ್ಲ. ಈ ಭೇದವನ್ನು ಮರೆಮಾಡಲು ಕರ್ತೃವಿನ ಹೆಸರನ್ನೇ ಅಳಿಸಿ ಹಾಡಿದರೆ ಉಳಿಯುವುದು ಮಾಧುರ್ಯ ಮಾತ್ರ, ಸತ್ಯ ಉಳಿಯುವುದಿಲ್ಲ.

ಜೈನರಿಗೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ಜೈನದರ್ಶನ ಸೃಷ್ಟಿಕರ್ತನನ್ನು ಒಪ್ಪದು. ಣಮೋಕಾರ ಮಂತ್ರವು ಯಾವ ವ್ಯಕ್ತಿಯ ಹೆಸರನ್ನೂ ಹೇಳದು, ಏನನ್ನೂ ಬೇಡದು; ಪಂಚಪರಮೇಷ್ಠಿಗಳಿಗೆ ನಮಿಸುತ್ತದೆ. 'ಭಕ್ತಾಮರ ಸ್ತೋತ್ರ'ದಲ್ಲಿ ಮಾನತುಂಗಾಚಾರ್ಯರು ಆದಿನಾಥನನ್ನು ಬುದ್ಧ, ಶಂಕರ, ಪುರುಷೋತ್ತಮ ಎಂದು ಕರೆದರೂ ಪ್ರತಿಯೊಂದು ಹೆಸರಿಗೂ ಗುಣದ ಕಾರಣವನ್ನು ಹೇಳುತ್ತಾರೆ. ಅನೇಕಾಂತವೆಂದರೆ ಎಲ್ಲವೂ ಒಂದೇ ಎಂಬ ಮಾತಲ್ಲ. ಯಾವ ಅಪೇಕ್ಷೆಯಿಂದ ಏನನ್ನು ಹೇಳಲಾಗಿದೆ ಎಂಬ ಎಚ್ಚರ. ಕ್ರೈಸ್ತ ಶಾಲೆಯಲ್ಲಿ ಓದುವ ಜೈನ ಬಾಲಕಿ ಸೃಷ್ಟಿಕರ್ತನನ್ನು ಕೊಂಡಾಡುವ ಗೀತೆಯ ವೇಳೆ ಕೈಮುಗಿದು ಮೌನವಾಗಿ ನಿಂತರೆ ಅದು ಅವಿನಯವಲ್ಲ. ಅರ್ಥವರಿಯದೆ ಬಾಯಿಬಿಡುವುದಕ್ಕಿಂತ ಆ ಮೌನ ಸತ್ಯವ್ರತಕ್ಕೆ ಹತ್ತಿರವಾದುದು.

ಬಸದಿಗಳ ಆಡಳಿತ ಮಂಡಳಿಗಳು ಮಹಾವೀರ ಜಯಂತಿಯಂಥ ಸಂದರ್ಭದಲ್ಲಿ ಸರ್ವಧರ್ಮ ಪ್ರಾರ್ಥನೆ ಏರ್ಪಡಿಸುವಾಗ ಮೂರು ನಿಯಮಗಳು ಸಾಕು. ಪ್ರಾರ್ಥನೆ ಯಾರದೆಂದು ಹಾಡುವ ಮುನ್ನ ಹೇಳಬೇಕು; ಇದು ಅಚೌರ್ಯ. ರಾಗಕ್ಕೆ ಹೊಂದಲೆಂದು ಪದಗಳನ್ನು ತಿದ್ದದೆ ಅರ್ಥವನ್ನು ತಿಳಿಸಬೇಕು, ಇದು ಸತ್ಯ. ಹಾಡಲು ಮನಸ್ಸಿಲ್ಲದವರನ್ನು ಒತ್ತಾಯಿಸಬಾರದು, ಇದು ಅಹಿಂಸೆ. ಣಮೋಕಾರವನ್ನು ಹಾಡಲಿಚ್ಛಿಸುವ ಅನ್ಯಧರ್ಮೀಯರಿಂದಲೂ ಜೈನರು ಇಷ್ಟನ್ನೇ ನಿರೀಕ್ಷಿಸಬಹುದು. ಇದಕ್ಕಿಂತ ಹೆಚ್ಚನ್ನು ಕೇಳುವ ಅಧಿಕಾರವಿಲ್ಲ.