ನಾಡಿನ ಸಾಲಿಗೆ ಮುಂಚೆ ನಿಲ್ಲುವ ಕಥೆ

1874ರಲ್ಲಿ ಪುಣೆಯಲ್ಲಿ ಒಂದು ಹಗ್ಗಾದಾ ಅಚ್ಚಾಯಿತು. ಪಸ್ಕ ಹಬ್ಬದ ರಾತ್ರಿ ಯಹೂದಿ ಮನೆಗಳಲ್ಲಿ ಊಟಕ್ಕೆ ಕೂತು ಓದುವ ಪುಸ್ತಕ ಅದು. ಪುಣೆಯ ಪ್ರತಿಯಲ್ಲಿ ಹೀಬ್ರೂ ಜೊತೆಗೆ ಮರಾಠಿ ಅನುವಾದವಿದೆ. ಒಂದು ಚಿತ್ರದಲ್ಲಿ ಇಲ್ಲಿಯ ಉಡುಪಿನ ಹೆಂಗಸರು ಹುಳಿಯಿಲ್ಲದ ರೊಟ್ಟಿ ಮಾಡುತ್ತಿದ್ದಾರೆ. ಅದನ್ನು ಓದುತ್ತಿದ್ದವರು ಬೆನೆ ಇಸ್ರೇಲರು. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆಗಾಣ ನಡೆಸುತ್ತ, ಶನಿವಾರ ಮಾತ್ರ ಕೆಲಸ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ್ ತೇಲಿ’ ಎನಿಸಿಕೊಂಡವರು. ಮನೆಮಾತು ಮರಾಠಿ, ಮಕ್ಕಳಿಗೆ ಹೇಳುವ ಕಥೆ ಜೆರುಸಲೇಮಿನದು. ಚಿಕಲಠಾಣಾದಲ್ಲಿ ಕೆಲಸ ಮಾಡುತ್ತ ಮಕ್ಕಳಿಗೆ ಕನ್ನಡನಾಡನ್ನು ಕಲಿಸಲು ಹೆಣಗುವ ನನ್ನಂಥವರಿಗೆ ಇಲ್ಲೊಂದು ಪ್ರಶ್ನೆಯಿದೆ. ದೂರದ ನಾಡನ್ನು ಹಳೆಯ ಪಠ್ಯದಿಂದ ಕಲಿಸುವಾಗ ನಾವು ಕಲಿಸುವುದಾದರೂ ಏನನ್ನು?

ಹಗ್ಗಾದಾದ ಕಟ್ಟುವಿಕೆಯನ್ನು ನೋಡಿ. ಅದು ಮಗುವಿನ ಪ್ರಶ್ನೆಗಳಿಂದ ಶುರುವಾಗುತ್ತದೆ. ಉತ್ತರ ಅವಮಾನದಿಂದ ಆರಂಭವಾಗಿ ಸ್ತುತಿಯಲ್ಲಿ ಮುಗಿಯಬೇಕೆಂದು ಮಿಶ್ನಾದ ನಿಯಮ. ಹಾಗಾಗಿ ಮಗುವಿಗೆ ಮೊದಲು ಸಿಗುವುದು ರಾಜರೂ ಅಲ್ಲ, ಕೋಟೆಯೂ ಅಲ್ಲ, ಈಜಿಪ್ಟಿನ ಜೀತ. ನಡುವಿನ ಮುಖ್ಯ ಭಾಗ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ್ದು. ಮೂಲದಲ್ಲಿ ಅದು ರೈತನ ಮಾತು. ಮೊದಲ ಫಲವನ್ನು ಬುಟ್ಟಿಯಲ್ಲಿ ತಂದವನು, ತನ್ನ ಪೂರ್ವಜ ಅಲೆಮಾರಿಯಾಗಿದ್ದ, ಈಜಿಪ್ಟಿಗೆ ಹೋದ, ಕಷ್ಟಪಟ್ಟ, ದೇವರು ಬಿಡಿಸಿದ, ಈ ನಾಡಿಗೆ ಕರೆತಂದ ಎಂದು ಹೇಳುತ್ತಾನೆ. ಹಗ್ಗಾದಾ ಈ ಮಾತನ್ನು ಪದ ಪದ ಬಿಡಿಸಿ ವ್ಯಾಖ್ಯಾನಿಸುತ್ತದೆ. ಆದರೆ ಬಿಡುಗಡೆಯವರೆಗೆ ಬಂದು, ನಾಡಿಗೆ ಕರೆತಂದ ವಚನಕ್ಕೆ ಮುಂಚೆ ನಿಂತುಬಿಡುತ್ತದೆ. ಈ ಬಿಡುವಿನ ಬಗ್ಗೆ ಪಂಡಿತರು ಬಹಳ ಚರ್ಚಿಸಿದ್ದಾರೆ. ನನ್ನ ಓದಿನಲ್ಲಿ ಇದು ಪ್ರಾಮಾಣಿಕತೆ. ಹೊಲದ ಅಂಚಿನಲ್ಲಿ ನಿಂತವನ ಮಾತನ್ನು ದೇಶ ಕಳೆದುಕೊಂಡವನು ಹೇಗೆ ಆಡಿಯಾನು? ಮುಂದಿನ ವರ್ಷ ಜೆರುಸಲೇಮಿನಲ್ಲಿ ಎಂಬ ಹಾರೈಕೆ ಕೊನೆಗೆ ಬರುತ್ತದೆ, ಆದರೆ ಹಾರೈಕೆಯಾಗಿ ಮಾತ್ರ.

ತಾಲ್ಮುದ್ ಇನ್ನೂ ಗಟ್ಟಿಯಾಗಿ ಜಗಳವಾಡುತ್ತದೆ. ಕೆತುಬೋತ್ ಭಾಗದ ಕೊನೆಯಲ್ಲಿ, ಹೊರಗೆ ಯಹೂದಿಗಳೇ ಹೆಚ್ಚಿರುವ ಊರಿನಲ್ಲಿರುವುದಕ್ಕಿಂತ ಪವಿತ್ರ ನಾಡಿನಲ್ಲಿ ಅನ್ಯರೇ ಹೆಚ್ಚಿರುವ ಊರಾದರೂ ಲೇಸು ಎಂಬ ಮಾತಿದೆ. ಅದರ ಬೆನ್ನಿಗೇ ರಬ್ಬಿ ಜೇರಾನ ಪ್ರಸಂಗ ಬರುತ್ತದೆ. ಅವನಿಗೆ ಬಾಬಿಲೋನಿನಿಂದ ಆ ನಾಡಿಗೆ ಹೊರಡುವ ಆಸೆ. ಗುರು ಯೆಹೂದಾ, ಬಾಬಿಲೋನ್ ಬಿಟ್ಟು ಹೋಗುವುದೇ ಆಜ್ಞೆಯ ಉಲ್ಲಂಘನೆ ಎಂದು ಯೆರೆಮೀಯನ ವಚನವನ್ನು ಮುಂದಿಡುತ್ತಾನೆ. ಶಿಷ್ಯನೋ ಆ ವಚನ ದೇವಾಲಯದ ಪಾತ್ರೆಗಳ ಬಗ್ಗೆ ಎನ್ನುತ್ತ ಗುರುವಿನ ಕಣ್ಣು ತಪ್ಪಿಸಿ ಓಡಾಡುತ್ತಾನೆ. ಸಂಪಾದಕರು ಎರಡನ್ನೂ ಉಳಿಸಿದರು. ಒಂದನ್ನಷ್ಟೇ ಕತ್ತರಿಸಿ ತೆಗೆದು ತರಗತಿಯಲ್ಲಿ ಅಂಟಿಸುವವರು ತಾಲ್ಮುದ್ ಕಲಿಸುತ್ತಿಲ್ಲ, ಘೋಷಣೆ ಕಲಿಸುತ್ತಿದ್ದಾರೆ.

ಇಂಥ ಕತ್ತರಿಗೆ ಹೆಚ್ಚು ಸಿಕ್ಕಿದ್ದು ರಾಶಿಯ ಮಾತು. 11ನೆಯ ಶತಮಾನದ ಈ ಫ್ರಾನ್ಸಿನ ವ್ಯಾಖ್ಯಾನಕಾರ ಆದಿಕಾಂಡದ ಮೊದಲ ವಚನಕ್ಕೇ ಬರೆಯುತ್ತಾನೆ: ಜನಾಂಗಗಳು ನಿಮ್ಮನ್ನು ನೆಲಗಳ್ಳರೆಂದರೆ, ಭೂಮಿಯೆಲ್ಲ ದೇವರದು, ಇಷ್ಟಬಂದವರಿಗೆ ಕೊಟ್ಟ ಎಂದು ಉತ್ತರಿಸಲು ಗ್ರಂಥ ಸೃಷ್ಟಿಯಿಂದ ಆರಂಭವಾಗಿದೆ ಎಂದು. ಅದನ್ನು ಹಕ್ಕುಪತ್ರದಂತೆ ಬಳಸುವವರು ಯಾಜಕಕಾಂಡದ 25ನೆಯ ಅಧ್ಯಾಯವನ್ನೂ ಪಕ್ಕದಲ್ಲಿಟ್ಟು ಓದಬೇಕು. ಭೂಮಿ ನನ್ನದು, ನೀವು ನನ್ನಲ್ಲಿ ಪರದೇಶಿಗಳು ಎಂಬುದು ಅಲ್ಲಿ ದೇವರ ನಿಲುವು. ಅದೇ ನೆಲದಲ್ಲಿ ಬಾಳಿದ ಪ್ಯಾಲೆಸ್ತೀನೀಯರು ಈ ಪಾಠಗಳಲ್ಲಿ ಕಾಣದೆ ಹೋಗುವುದು ಗ್ರಂಥದ ಕೊರತೆಯಿಂದಲ್ಲ, ಆಯ್ಕೆಯಿಂದ.

ಬೆನೆ ಇಸ್ರೇಲರು ಈ ಆಯ್ಕೆಯ ಬೆಲೆಯನ್ನು ಬೇರೊಂದು ರೀತಿಯಲ್ಲಿ ತೆತ್ತರು. 1897ರ ಬಾಸೆಲ್ ಸಮ್ಮೇಳನದ ಕರೆ ಬಂದಾಗ, ಮರಳಿಸುವುದು ದೇವರ ಕೈ ಎಂದು ಮುಂಬಯಿಯವರು ದೂರವುಳಿದರು. 1948ರ ನಂತರ ಬಹುಪಾಲು ಜನ ಹೊರಟರು. ತಲೆಮಾರುಗಳಿಂದ ಹಾರೈಸಿದ ನಾಡಿಗೆ ಹೋದರೆ, 1962ರಲ್ಲಿ ಅಲ್ಲಿಯ ಧರ್ಮಾಧಿಕಾರಿಗಳು ಇವರ ಮದುವೆಗೆ ವಂಶದ ವಿಚಾರಣೆ ವಿಧಿಸಿದರು. 1964ರಲ್ಲಿ ಇವರು ಜೆರುಸಲೇಮಿನಲ್ಲೇ ಧರಣಿ ಕೂತು ಅದನ್ನು ಬದಲಿಸಬೇಕಾಯಿತು. ಪಠ್ಯದಲ್ಲಿ ತಾಯ್ನಾಡಾಗಿದ್ದದ್ದು ಕಚೇರಿಯಲ್ಲಿ ದಾಖಲೆ ಕೇಳಿತು.

ಇನ್ನು ನಾವು. ಕವಿರಾಜಮಾರ್ಗವು ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸುತ್ತದೆ. ಚಿಕಲಠಾಣಾದಿಂದ ಪೈಠಣದ ಗೋದಾವರಿಗೆ ಒಂದೆರಡು ತಾಸಿನ ದಾರಿ. ವೇರೂಳದ ಕೈಲಾಸ ಅದಕ್ಕೂ ಹತ್ತಿರ. ವಲಸೆ ಕನ್ನಡಿಗರ ಸಭೆಗಳಲ್ಲಿ ಈ ಗಡಿಯನ್ನು ನಾವು ರಾಶಿಯ ಮಾತಿನಂತೆಯೇ ಎತ್ತಿಹಿಡಿಯುತ್ತೇವೆ: ನೋಡಿ, ಇದೂ ನಮ್ಮದೇ ಆಗಿತ್ತು. ಕೇಳುವ ಮಗು ಮರಾಠಿ ಶಾಲೆಗೆ ಹೋಗುತ್ತದೆ, ಮರಾಠಿ ಗೆಳೆಯರೊಡನೆ ಆಡುತ್ತದೆ. ಹೆಮ್ಮೆಯ ಜೊತೆಗೆ ನೆರೆಯವರ ಮೇಲೆ ಒಂದು ಹಳೆಯ ಬಾಕಿಯನ್ನೂ ನಾವು ಅದರ ಕೈಗೆ ಕೊಡುತ್ತಿದ್ದೇವೆ. 1956ರವರೆಗೆ ಬೀದರ, ಕಲಬುರಗಿ, ರಾಯಚೂರು, ಔರಂಗಾಬಾದ್ ಎಲ್ಲ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಕವಿರಾಜಮಾರ್ಗವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದರ ಜೊತೆ ಈ ನೆಲದ ಇನ್ನೊಂದು ಮಾತನ್ನೂ ಓದಿಸೋಣ. 13ನೆಯ ಶತಮಾನದಲ್ಲಿ ಇದೇ ಗೋದಾವರಿ ಸೀಮೆಯಲ್ಲಿ ಸಂಚರಿಸಿದ ಮಹಾನುಭಾವ ಪಂಥದ ಚಕ್ರಧರರು ತಮ್ಮ ಶಿಷ್ಯರಿಗೆ ಮಹಾರಾಷ್ಟ್ರದಲ್ಲೇ ಇರಿ, ಕನ್ನಡ ದೇಶಕ್ಕೂ ತೆಲುಗು ದೇಶಕ್ಕೂ ಹೋಗಬೇಡಿ, ಅಲ್ಲಿ ವಿಷಯಸುಖ ಹೆಚ್ಚು ಎಂದು ಬೋಧಿಸಿದ್ದರು. ಮಕ್ಕಳು ನಕ್ಕಾರು. ನಕ್ಕ ಮೇಲೆ ಕೇಳಿಯಾರು: ಹಾಗಾದರೆ ಗಡಿ ಯಾವುದು, ಯಾರು ಹಾಕಿದ್ದು, ನಾವು ಯಾವ ಕಡೆಯವರು? ಹಗ್ಗಾದಾ ಶುರುವಾಗುವುದು ಇಂಥ ಪ್ರಶ್ನೆಗಳಿಂದಲೇ. ಅವಕ್ಕೆ ಉತ್ತರಿಸುವಾಗ ಅವಸರಪಟ್ಟು ಕೊನೆಯ ವಚನಕ್ಕೆ ಹಾರದಿರುವಷ್ಟು ತಾಳ್ಮೆ ನಮ್ಮ ಭಾನುವಾರದ ಕನ್ನಡ ತರಗತಿಗಳಿಗೆ ಬೇಕು.