ಲೋಡು ಹೇರುವವರ ಕಣ್ಣಳತೆ

ಮುಸುಕಿನ ಜೋಳದ ಕಾಲದಲ್ಲಿ ಹಳೇಬೀಡಿನ ಸುತ್ತ ಟ್ರ್ಯಾಕ್ಟರಿಗೆ ಮೂಟೆ ಹೇರುವವರನ್ನು ನಿಂತು ನೋಡಬೇಕು. ಎಂಥ ಲೆಕ್ಕಾಚಾರ! ಎರಡು ಗಾಲಿಯ ಟ್ರೇಲರಿನಲ್ಲಿ ಅಚ್ಚಿನಿಂದ ಮುಂದಕ್ಕೆ ತುಸು ಹೆಚ್ಚು, ಹಿಂದಕ್ಕೆ ತುಸು ಕಡಿಮೆ. ಮುಂಭಾರ ಅತಿಯಾದರೆ ಟ್ರ್ಯಾಕ್ಟರಿನ ಮುಂಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳದು. ಹಿಂಭಾರವಾದರೆ ಹುಕ್ಕು ಮೇಲಕ್ಕೆ ಜಗ್ಗಿ ಟ್ರೇಲರ್ ಓಲಾಡುತ್ತದೆ. ಹೇರುವವರಲ್ಲಿ ಹಿರಿಯರೊಬ್ಬರು ದೂರ ಸರಿದು, ಎಡಬಲದ ಟೈರು ಸಮನಾಗಿ ಅದುಮಿದೆಯೇ ಎಂದು ಬಗ್ಗಿ ನೋಡುತ್ತಾರೆ. "ಇನ್ನೆರಡು ಮುಂದಕ್ಕೆ ಹಾಕ್ರಪ್ಪಾ" ಎಂದರೆ ಮುಗಿಯಿತು, ಅದೇ ತೂಕ.

ಎತ್ತಿನ ಗಾಡಿಯಲ್ಲಿ ಮೂಕಿ ಎದ್ದರೆ ಎತ್ತಿನ ಕೊರಳು ಬಿಗಿಯುತ್ತದೆ, ಕುಸಿದರೆ ಹೆಗಲು ನೋಯುತ್ತದೆ ಎಂದು ಬಲ್ಲ ಗಾಡಿಯವರ ವಿದ್ಯೆಯೇ ಈ ಕಣ್ಣಳತೆ. ಬೇಲೂರು ರಸ್ತೆಯಲ್ಲಿ ಆ ಲೋಡು ಅಲುಗದೆ ಸಾಗಿದರೆ ಚಾಲಕನಷ್ಟೇ ಶ್ರೇಯಸ್ಸು ಹೇರಿದ ಕೈಗಳಿಗೂ ಸಲ್ಲಬೇಕು.